ನಾಮಫಲಕ ಬರೆದ ಕೈ

ರಸ್ತೆಬದಿಯ ಅಂಗಡಿಯ ನಾಮಫಲಕವನ್ನು ಓದುವಾಗ ಅದನ್ನು ಬರೆದ ಕೈಯನ್ನು ನಾವು ನೆನೆಯುವುದುಂಟೇ?

ಜಾರ್ಜಿಯಾ ದೇಶದ ನಿಕೊ ಪಿರೋಸ್ಮಾನಿ ಅಂಥ ಕಲಾವಿದ. 1862ರಲ್ಲಿ ರೈತ ಕುಟುಂಬದಲ್ಲಿ ಹುಟ್ಟಿ, ಬಾಲ್ಯದಲ್ಲೇ ಅನಾಥನಾದ ಆತ ಚಿತ್ರಕಲೆಯನ್ನು ತಾನಾಗಿಯೇ ಕಲಿತ. ರೈಲ್ವೆ ಚಾಕರಿ, ಹಾಲಿನ ಅಂಗಡಿ ಯಾವುದೂ ಕೈಹಿಡಿಯಲಿಲ್ಲ. ಟಿಬಿಲಿಸಿ ನಗರದ ಪಾನಗೃಹಗಳಿಗೆ ಫಲಕಗಳನ್ನೂ ಗೋಡೆಯ ಚಿತ್ರಗಳನ್ನೂ ಬರೆದು ಬದುಕಿದ. ಎಷ್ಟೋ ಸಲ ಕೂಲಿಯೆಂದರೆ ಊಟ, ಮದ್ಯ, ಮಲಗಲೊಂದು ಮೂಲೆ. ಕಪ್ಪು ಮೇಣಬಟ್ಟೆಯ ಮೇಲೆ ಬರೆಯುತ್ತಿದ್ದ ಆತ, ಕಪ್ಪು ಬೇಕಾದೆಡೆ ಬಟ್ಟೆಯನ್ನು ಹಾಗೆಯೇ ಬಿಡುತ್ತಿದ್ದ.

1912ರಲ್ಲಿ ಪಾನಗೃಹವೊಂದರಲ್ಲಿ ಈ ಚಿತ್ರಗಳನ್ನು ಕಂಡ ಮೂವರು ತರುಣರು ಬೆರಗಾದರು. ಮರುವರ್ಷ ಮಾಸ್ಕೋದ ಪ್ರದರ್ಶನದಲ್ಲಿ ಕೆಲವು ಚಿತ್ರಗಳು ಸ್ಥಾನ ಪಡೆದವು. ಆದರೆ 1914ರಲ್ಲಿ ಯುದ್ಧದೊಡನೆ ಪಾನನಿಷೇಧವೂ ಬಂದು, ಅವನ ಅನ್ನದ ದಾರಿ ಕಿರಿದಾಯಿತು. 1918ರಲ್ಲಿ ಕಡುಬಡತನದಲ್ಲಿ ತೀರಿಕೊಂಡ. ಸಮಾಧಿ ಎಲ್ಲಿದೆಯೆಂಬುದು ಇಂದಿಗೂ ಖಚಿತವಿಲ್ಲ. ಆ ಚಿತ್ರಗಳನ್ನು ಮಾತ್ರ ಇಂದು ರಾಷ್ಟ್ರೀಯ ವಸ್ತುಸಂಗ್ರಹಾಲಯ ಕಾಪಾಡುತ್ತಿದೆ.

ಪರರ ಹೆಸರು ಬರೆದವನ ಸಮಾಧಿಯ ಗುರುತೂ ಉಳಿಯಲಿಲ್ಲ. ಮೆಚ್ಚುಗೆ ತಡವಾದೀತು, ದುಡಿದವನ ಕೂಲಿ ತಡವಾಗಬಾರದು.

ನಿಮ್ಮೂರಿನಲ್ಲಿ ಫಲಕ ಬರೆಯುವವರ ಹೆಸರು ನಿಮಗೆ ಗೊತ್ತೇ?