ರೋಗಿಯ ಭಾಷೆ ಕಲಿತ ಸೊಲ್ಲಾಪುರದ ಡಾಕ್ಟರ್



ಅಕ್ಕಲಕೋಟ ತಾಲೂಕಿನ ನಮ್ಮ ಶಾಲೆಯಲ್ಲಿ ಇಯತ್ತೆ ಏಳನೆಯಲ್ಲಿದ್ದ ಒಬ್ಬ ಹುಡುಗಿ ಒಮ್ಮೆ ನಾಲ್ಕು ದಿನ ಶಾಲೆಗೆ ಬರಲಿಲ್ಲ. ಬಂದ ಮೇಲೆ ಕಾರಣ ಕೇಳಿದೆ. “ಆಯಿಗಿ ಸೊಲ್ಲಾಪುರ ದವಾಖಾನಿಗಿ ಕರಕೊಂಡ ಹೋಗಿದ್ದೆ ಸರ್” ಎಂದಳು. ಅಜ್ಜಿ ಮೊಮ್ಮಗಳನ್ನು ಕರೆದೊಯ್ಯುವುದನ್ನು ಕೇಳಿದ್ದೇವೆ, ಇಲ್ಲಿ ಮೊಮ್ಮಗಳೇ ಅಜ್ಜಿಯನ್ನು ಕರೆದೊಯ್ದಿದ್ದಳು! ತಂದೆ ದುಡಿಯಲು ಪುಣೆಗೆ ಹೋಗಿದ್ದಾನೆ, ತಾಯಿಗೆ ಮರಾಠಿ ಬರುವುದಿಲ್ಲ. ಶಾಲೆಯಲ್ಲಿ ಮರಾಠಿ ಕಲಿತವಳು ಇವಳೊಬ್ಬಳೇ.

ಎಸ್.ಟಿ. ಹಿಡಿದು ಹೋದರು. ಹುಡುಗಿ ಚೀಟಿ ಮಾಡಿಸುವ ಸಾಲಿನಲ್ಲಿ ನಿಂತಿದ್ದಾಗ ಅಜ್ಜಿಯನ್ನು ಒಳಗೆ ಕರೆದರು. ಅಜ್ಜಿ ಹೇಳಿದ್ದು ಒಂದೇ ಮಾತು: “ಸಂಕಟ ಆಗ್ಲಿಕ್ಕತ್ತದ.” ನಮ್ಮಲ್ಲಿ ಸಂಕಟ ಎಂದರೆ ಹೊಟ್ಟೆ ತೊಳಸುವುದು, ಎದೆಯಲ್ಲಿ ಕಸಿವಿಸಿ. ಮರಾಠಿಯಲ್ಲಿ ಸಂಕಟ ಎಂದರೆ ಆಪತ್ತು. ಪಾಪ, ಆ ಎಳೆಯ ಡಾಕ್ಟರ್ ಮುದುಕಿಗೆ ಮನೆಯಲ್ಲಿ ಏನೋ ತೊಂದರೆ ಎಂದುಕೊಂಡ. ಮರಾಠಿಯಲ್ಲಿ ನಾಲ್ಕು ಸಮಾಧಾನದ ಮಾತು ಹೇಳಿ, ಶಕ್ತಿಯ ಗುಳಿಗೆ ಬರೆದು ಕಳಿಸಿದ. ಚೀಟಿ ನೋಡಿ ಅನುಮಾನಗೊಂಡ ಹುಡುಗಿ ತಿರುಗಿ ಒಳಗೆ ಹೋಗಿ “ಮಳಮಳ” ಎಂದಳು, ಎದೆ ಮುಟ್ಟಿಕೊಂಡು ತೋರಿಸಿದಳು. ಆಗ ಇ.ಸಿ.ಜಿ. ತೆಗೆದರು. ಅದು ಹೃದಯದ ತೊಂದರೆ. ಅಂದೇ ಭರ್ತಿ ಮಾಡಿಕೊಂಡರು. ಅಜ್ಜಿ ಈಗ ಚೆನ್ನಾಗಿದ್ದಾಳೆ.

ಆ ಡಾಕ್ಟರ್ ಕೆಟ್ಟವನಲ್ಲ. ಆತನಿಗೆ ಹೃದಯದ ನಾಲ್ಕು ಕೋಣೆಗಳನ್ನೂ ಕಲಿಸಿದ್ದರು, ಆ ಹೃದಯ ಇರುವ ಮುದುಕಿಯ ಮಾತನ್ನು ಯಾರೂ ಕಲಿಸಿರಲಿಲ್ಲ. ಇದನ್ನು ಯೋಚಿಸುವಾಗ ನನಗೆ ನೆನಪಾದವರು ಇದೇ ಸೊಲ್ಲಾಪುರದಲ್ಲಿ ಹುಟ್ಟಿದ ಡಾ. ದ್ವಾರಕಾನಾಥ ಶಾಂತಾರಾಮ ಕೋಟ್ಣೀಸ.

ಅವರು ಹುಟ್ಟಿದ್ದು 1910ರ ಅಕ್ಟೋಬರ್ 10ರಂದು. ವೈದ್ಯಕೀಯ ಓದಿದ್ದು ಮುಂಬಯಿಯ ಸೇಠ ಜಿ.ಎಸ್. ಮೆಡಿಕಲ್ ಕಾಲೇಜಿನಲ್ಲಿ. ಈ ಕಾಲೇಜಿನದೊಂದು ವಿಶೇಷವಿದೆ. ಬ್ರಿಟಿಷರ ಕಾಲದಲ್ಲಿ ದೊಡ್ಡ ವೈದ್ಯಕೀಯ ಹುದ್ದೆಗಳೆಲ್ಲ ಬಿಳಿಯರಿಗೇ ಹೋಗುತ್ತಿದ್ದವು. 1926ರಲ್ಲಿ ಈ ಕಾಲೇಜು ಆರಂಭವಾದಾಗ ಮಾತ್ರ, ಕಲಿಸುವವರು ಭಾರತೀಯರೇ ಆಗಿರಬೇಕು ಎಂಬ ಷರತ್ತನ್ನು ದಾನಿಗಳ ಕಡೆಯವರು ಹಾಕಿದ್ದರು. ಕೋಟ್ಣೀಸರು ಅಂಥ ಗುರುಗಳ ಕೈಯಲ್ಲಿ ತಯಾರಾದವರು. ಪಾಠ ಇಂಗ್ಲಿಷಿನಲ್ಲೇ ಇದ್ದರೂ ಮುಂದೆ ನಿಂತು ಕಲಿಸುವವರು ನಮ್ಮವರು ಎಂಬುದು ಹುಡುಗರ ಮನಸ್ಸಿನ ಮೇಲೆ ಪರಿಣಾಮ ಮಾಡದೆ ಇರುತ್ತದೆಯೇ? ನಾವು ಶಿಕ್ಷಕರು, ನಮಗೆ ಇದು ಗೊತ್ತು.

ಜಪಾನ್ ಚೀನಾದ ಮೇಲೆ ದಾಳಿ ಮಾಡಿದ್ದ ಕಾಲ. ಚೀನಾದ ಸೇನಾನಿ ಝೂ ಡೆ ಅವರು ನೆಹರೂ ಅವರಿಗೆ ಪತ್ರ ಬರೆದು ಡಾಕ್ಟರುಗಳನ್ನು ಕಳಿಸಿಕೊಡಿ ಎಂದು ಕೇಳಿದರು. ಆಗ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದವರು ಸುಭಾಷಚಂದ್ರ ಬೋಸ್. ಜನರಿಂದ ಹಣ ಕೂಡಿಸಿ, 1938ರ ಸೆಪ್ಟೆಂಬರಿನಲ್ಲಿ ಐವರನ್ನು ಹಡಗಿನಲ್ಲಿ ಕಳಿಸಲಾಯಿತು. ಅಟಲ್, ಚೋಳಕರ, ಬಸು, ಮುಖರ್ಜಿ ಮತ್ತು ಕೋಟ್ಣೀಸ. ಮೇಲಿನ ಶಸ್ತ್ರಚಿಕಿತ್ಸಾ ಪದವಿಗೆ ತಯಾರಿ ನಡೆಸಿದ್ದ ಕೋಟ್ಣೀಸರು ಅದನ್ನು ಬದಿಗಿಟ್ಟು ಹೊರಟರು. ಚೀನಾದಲ್ಲಿದ್ದಾಗಲೇ ತಂದೆ ತೀರಿಕೊಂಡ ಸುದ್ದಿ ಬಂತು. ಆದರೂ ಮರಳಲಿಲ್ಲ.

ಹೋಗುವಾಗ ಅವರಿಗೆ ಚೀನೀ ಭಾಷೆ ಗೊತ್ತಿರಲಿಲ್ಲ. ದುಭಾಷಿಯನ್ನು ಇಟ್ಟುಕೊಂಡು ಕೆಲಸ ಸಾಗಿಸಬಹುದಿತ್ತು. ಗುಂಡು ತೆಗೆಯಲು, ಗಾಯ ಹೊಲಿಯಲು ಭಾಷೆ ಯಾಕೆ ಬೇಕು ಎಂದು ಯಾರಾದರೂ ಕೇಳಿಯಾರು. ಕೋಟ್ಣೀಸರು ಹಾಗೆ ತಿಳಿಯಲಿಲ್ಲ. ಮಾತನಾಡಲು ಕಲಿತರು, ಆಮೇಲೆ ಓದಲು, ಬರೆಯಲು ಕಲಿತರು. ಕೊನೆಗೆ ಅಲ್ಲಿಯ ವೈದ್ಯಕೀಯ ಶಾಲೆಯಲ್ಲಿ ಚೀನೀ ಭಾಷೆಯಲ್ಲೇ ಪಾಠ ಹೇಳಿದರು, ಶಸ್ತ್ರಚಿಕಿತ್ಸೆಯ ಪಠ್ಯವನ್ನೂ ಬರೆಯತೊಡಗಿದರು! ವಯಸ್ಸು ಮೂವತ್ತರ ಆಸುಪಾಸು. ಮೂವತ್ತರ ಮೇಲೆ ಹೊಸ ಭಾಷೆ ತಲೆಗೆ ಹತ್ತುವುದಿಲ್ಲ ಎಂದು ನಮ್ಮಲ್ಲಿಗೆ ವರ್ಗವಾಗಿ ಬರುವ ಎಷ್ಟೋ ನೌಕರರು ಹೇಳುತ್ತಾರೆ. ಇರಲಿ ಬಿಡಿ.

ಅಲ್ಲಿ ಅವರಿಗಿಂತ ಮುಂಚೆ ಕೆನಡಾದ ಡಾ. ನಾರ್ಮನ್ ಬೆಥೂನ್ ಕೆಲಸ ಮಾಡಿದ್ದರು. ಗಾಯಾಳು ಬರಲಿ ಎಂದು ಕಾಯದೆ, ಡಾಕ್ಟರನೇ ರಣರಂಗದ ಹತ್ತಿರ ಹೋಗಬೇಕು ಎಂಬುದು ಅವರ ಪದ್ಧತಿ. ಹಳ್ಳಿಯ ಹುಡುಗರಿಗೆ ಪಟ್ಟಿ ಕಟ್ಟುವುದರಿಂದ ಹಿಡಿದು ಎಲ್ಲ ಕಲಿಸಿದರು. ಶಸ್ತ್ರಕ್ರಿಯೆ ಮಾಡುವಾಗ ಬೆರಳಿಗೆ ಆದ ಗಾಯ ನಂಜಾಗಿ 1939ರ ನವೆಂಬರಿನಲ್ಲಿ ತೀರಿಕೊಂಡರು. ಅವರ ಹೆಸರಿನ ಅಂತರರಾಷ್ಟ್ರೀಯ ಶಾಂತಿ ಆಸ್ಪತ್ರೆಗೆ 1941ರಲ್ಲಿ ಕೋಟ್ಣೀಸರು ನಿರ್ದೇಶಕರಾದರು. ಅಲ್ಲಿಯೇ ನರ್ಸ್ ಗುವೊ ಚಿಂಗ್‌ಲಾನ್ ಅವರನ್ನು ಮದುವೆಯಾದರು. ಮಗನಿಗೆ ಇನ್‌ಹುವಾ ಎಂದು ಹೆಸರಿಟ್ಟರು. ಇನ್ ಎಂದರೆ ಭಾರತ, ಹುವಾ ಎಂದರೆ ಚೀನಾ. ಮಗುವಿಗೆ ನಾಲ್ಕು ತಿಂಗಳು ತುಂಬುವ ಮೊದಲೇ, 1942ರ ಡಿಸೆಂಬರ್ 9ರಂದು, ಕೋಟ್ಣೀಸರು ಮೂರ್ಛೆ ರೋಗದಿಂದ ತೀರಿಕೊಂಡರು. ಆಗ ಅವರಿಗೆ 32 ವರ್ಷ. ವ್ಹಿ. ಶಾಂತಾರಾಮರು 1946ರಲ್ಲಿ ಅವರ ಮೇಲೆ ಚಿತ್ರ ತೆಗೆದದ್ದು ಹಿರಿಯರಿಗೆ ನೆನಪಿರಬಹುದು.

ಈಗ ನಮ್ಮ ಕಾಲಕ್ಕೆ ಬರೋಣ. 2019ರಿಂದ ದೇಶದ ಎಂ.ಬಿ.ಬಿ.ಎಸ್. ಪಠ್ಯಕ್ರಮ ಬದಲಾಗಿದೆ. ರೋಗಿಯೊಡನೆ ನಡೆದುಕೊಳ್ಳುವ ರೀತಿ, ನೀತಿ, ಮಾತುಕತೆ ಇವು ಈಗ ಕಲಿಕೆಯ ಭಾಗ. ಮೊದಲ ವರ್ಷದ ಆರಂಭದಲ್ಲಿ ಸ್ಥಳೀಯ ಭಾಷೆಯನ್ನು ಕಲಿಸುವುದಕ್ಕೂ ಜಾಗವಿದೆ. ಒಳ್ಳೆಯದೇ ಆಯಿತು. ಆದರೆ ಸೊಲ್ಲಾಪುರದಲ್ಲಿ ಸ್ಥಳೀಯ ಭಾಷೆ ಯಾವುದು? ನೇಕಾರರ ಓಣಿಯಲ್ಲಿ ತೆಲುಗು, ಪೇಟೆಯಲ್ಲಿ ಮರಾಠಿ, ಉರ್ದು, ಅಕ್ಕಲಕೋಟ ಮತ್ತು ದಕ್ಷಿಣ ಸೊಲ್ಲಾಪುರದ ಹಳ್ಳಿಗಳಿಂದ ಬರುವವರ ಬಾಯಲ್ಲಿ ಕನ್ನಡ. 1963ರಿಂದ ಈ ಊರಿನಲ್ಲಿ ವೈದ್ಯಕೀಯ ಕಾಲೇಜಿದೆ. ದೂರದೂರದಿಂದ ಓದಲು ಬರುವ ಹುಡುಗರಿಗೆ ಕನ್ನಡದ ನೂರು ಶಬ್ದ ಕಲಿಸಿದರೆ ಏನು ಹೆಚ್ಚು ಖರ್ಚಾದೀತು?

ಮಕ್ಕಳನ್ನು ದುಭಾಷಿ ಮಾಡುವುದು ಸರಿಯಲ್ಲ ಎಂಬುದನ್ನೂ ಹೇಳಲೇಬೇಕು. ಡಾಕ್ಟರ್ ಅಜ್ಜಿಗೆ ಕೇಳಿದ ಒಂದೆರಡು ಪ್ರಶ್ನೆಗಳನ್ನು ನಮ್ಮ ಹುಡುಗಿ ಕೇಳಲೇ ಇಲ್ಲವಂತೆ. “ನಾಚಿಕಿ ಬಂತು ಸರ್” ಎಂದಳು.

ಸೊಲ್ಲಾಪುರದಲ್ಲಿ ಕೋಟ್ಣೀಸರ ಮನೆ ಈಗ ಸ್ಮಾರಕವಾಗಿದೆ. ಮಕ್ಕಳನ್ನು ಅಲ್ಲಿಗೆ ಕರೆದೊಯ್ದು ಬಂದ ಮೇಲೆ ವರ್ಗದಲ್ಲಿ ಒಂದು ಕೆಲಸ ಕೊಟ್ಟೆ. ಮನೆಯ ಹಿರಿಯರು ಬೇನೆಗೆ ಬಳಸುವ ಮಾತುಗಳನ್ನು ಬರೆದುಕೊಂಡು ಬರಬೇಕು, ಪಕ್ಕದಲ್ಲಿ ಮರಾಠಿ ಬರೆಯಬೇಕು. ಸಂಕಟಕ್ಕೆ ಮಳಮಳ, ಕೆಮ್ಮಿಗೆ ಖೋಕಲಾ. ಕಾಲು ಜುಮ್ಮೆನ್ನುವುದಕ್ಕೆ ಮರಾಠಿಯಲ್ಲಿ ಇರುವೆ ಬಂದವು ಎನ್ನುತ್ತಾರೆ ಎಂದು ತಿಳಿದಾಗ ವರ್ಗವೆಲ್ಲ ನಕ್ಕಿತು. ಅರವತ್ತೆರಡು ಶಬ್ದಗಳಾದವು. ಒಂದು ಪ್ರತಿಯನ್ನು ಹತ್ತಿರದ ಆರೋಗ್ಯ ಕೇಂದ್ರದ ಡಾಕ್ಟರರಿಗೆ ಕೊಟ್ಟೆವು. ಅವರು ಅದನ್ನು ಟೇಬಲ್ಲಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದಾರೆ. ನಿಮ್ಮ ಊರಿನಲ್ಲಿ ಬೇರೆ ಮಾತುಗಳಿದ್ದರೆ ಬರೆದು ಕಳಿಸಿ, ಸೇರಿಸಿಕೊಳ್ಳುತ್ತೇವೆ.