ಚಿತವನದ ಖಡ್ಗಮೃಗ ಮತ್ತು ಅದರ ನೆರೆಹೊರೆಯವರು

ನೇಪಾಳವೆಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ಹಿಮಾಲಯದ ಬಿಳಿಯ ಶಿಖರಗಳು, ಪಶುಪತಿನಾಥನ ಗುಡಿ, ಹೊರೆ ಹೊತ್ತು ಏರುವ ಶೆರ್ಪಾಗಳು. ಆದರೆ ಆ ದೇಶದ ದಕ್ಷಿಣದ ಅಂಚು ಹಿಮದ ನಾಡಲ್ಲ. ಅದು ಬಿಸಿಲಿನ, ಜೌಗಿನ, ಆನೆಯನ್ನೇ ಮರೆಮಾಡುವಷ್ಟು ಎತ್ತರವಾಗಿ ಬೆಳೆಯುವ ಹುಲ್ಲಿನ ನಾಡು. ಅದಕ್ಕೆ ತರಾಯಿಯೆಂದು ಹೆಸರು. ಬೆಟ್ಟಸಾಲುಗಳ ನಡುವೆ ಅಡಗಿರುವ ಒಳತರಾಯಿಯ ಕಣಿವೆಗಳಲ್ಲಿ ಚಿತವನವೂ ಒಂದು. ರಾಪ್ತಿ, ರಿಯು, ನಾರಾಯಣಿ ಎಂಬ ಮೂರು ನದಿಗಳು ಈ ಕಣಿವೆಯನ್ನು ತೋಯಿಸುತ್ತವೆ. ಸಾಲಿಗ್ರಾಮಗಳ ತವರೆಂದು ನಮ್ಮ ಹಿರಿಯರು ಕೈಮುಗಿಯುತ್ತಿದ್ದ ಗಂಡಕಿಯೇ ಅಲ್ಲಿಯ ಜನರ ಬಾಯಲ್ಲಿ ನಾರಾಯಣಿ.

ಒಂಟಿಕೊಂಬಿನ ಖಡ್ಗಮೃಗಕ್ಕೆ ಅಸ್ಸಾಮಿನ ಕಾಜಿರಂಗವನ್ನು ಬಿಟ್ಟರೆ ಜಗತ್ತಿನಲ್ಲಿ ಉಳಿದಿರುವ ಅತಿ ದೊಡ್ಡ ನೆಲೆ ಈ ಚಿತವನ. ಅದು ಹೇಗೆ ಉಳಿಯಿತು, ಯಾರ ಖರ್ಚಿನಲ್ಲಿ ಉಳಿಯಿತು ಎಂಬ ಎರಡು ಪ್ರಶ್ನೆಗಳನ್ನು ನಾನು ಇಂದು ಒಟ್ಟಿಗೇ ಎತ್ತಿಕೊಳ್ಳಬಯಸುತ್ತೇನೆ. ಮೊದಲನೆಯದನ್ನು ಕೇಳುವವರು ಬಹುಮಂದಿ. ಎರಡನೆಯದನ್ನು ಕೇಳುವವರು ಕಡಿಮೆ. ಆದರೆ ಇತಿಹಾಸವನ್ನು ನೋಡಿದರೆ ಇವು ಎರಡು ಪ್ರಶ್ನೆಗಳಾಗಿ ಉಳಿಯುವುದಿಲ್ಲ.

1846ರಲ್ಲಿ ಜಂಗ್ ಬಹಾದೂರ್ ಕಾಠ್ಮಂಡುವಿನಲ್ಲಿ ಅಧಿಕಾರವನ್ನು ಕೈವಶಮಾಡಿಕೊಂಡಂದಿನಿಂದ 1951ರವರೆಗೆ ನೇಪಾಳವನ್ನು ಆಳಿದವರು ರಾಣಾ ಮನೆತನದವರು. ಅರಸರು ಹೆಸರಿಗೆ ಮಾತ್ರ ಇದ್ದರು. ಚಿತವನ ಈ ರಾಣಾಗಳ ಬೇಟೆಯ ಕಾಡು. ಖಡ್ಗಮೃಗ ಅರಸುಮೃಗವೆನಿಸಿತ್ತು, ಅಪ್ಪಣೆಯಿಲ್ಲದೆ ಅದನ್ನು ಕೊಂದವನಿಗೆ ಕಠಿಣ ಶಿಕ್ಷೆ ಕಾದಿರುತ್ತಿತ್ತು. ಚಳಿಗಾಲದಲ್ಲಿ ನೂರಾರು ಸಾಕಿದ ಆನೆಗಳು ಕಾಡನ್ನು ಸುತ್ತುವರಿದು, ವರ್ತುಲವನ್ನು ಕಿರಿದುಗೊಳಿಸುತ್ತ ಬಂದು, ನಡುವೆ ಸಿಕ್ಕ ಪ್ರಾಣಿಗಳನ್ನು ಅತಿಥಿಗಳ ಬಂದೂಕಿನ ಮುಂದೆ ತಂದು ನಿಲ್ಲಿಸುತ್ತಿದ್ದುವು. 1911ರ ಡಿಸೆಂಬರಿನಲ್ಲಿ ದೆಹಲಿ ದರ್ಬಾರನ್ನು ಮುಗಿಸಿದ ಐದನೆಯ ಜಾರ್ಜ್ ದೊರೆ ಇಲ್ಲಿಗೆ ಬಂದಾಗ ಬಿದ್ದ ಹುಲಿಗಳು 39, ಖಡ್ಗಮೃಗಗಳು 18. 1938–39ರ ಚಳಿಗಾಲದಲ್ಲಿ ವೈಸರಾಯ್ ಲಿನ್‌ಲಿತ್‌ಗೋ ಅವರ ಬೇಟೆಯಲ್ಲಿ ಹುಲಿಗಳು 120, ಖಡ್ಗಮೃಗಗಳು 38.

ಈ ಲೆಕ್ಕವನ್ನು ಓದಿದಾಗ ನಮಗೆ ಮೈ ನಡುಗುತ್ತದೆ. ಆದರೂ ರಾಣಾಗಳ ಕಾಲ ಮುಗಿಯುವ ವೇಳೆಗೆ ಚಿತವನದಲ್ಲಿ ಸುಮಾರು 800 ಖಡ್ಗಮೃಗಗಳಿದ್ದುವೆಂದು ಅಂದಾಜು. ಹಾಗಾದರೆ ಅವುಗಳನ್ನು ಕಾಪಾಡಿದ್ದು ಯಾವುದು? ದೊರೆಗಳ ಶಾಸನವಷ್ಟೇ ಅಲ್ಲ. ಅದಕ್ಕಿಂತ ಹೆಚ್ಚಾಗಿ ಸೊಳ್ಳೆ. ತರಾಯಿಯ ಮಲೇರಿಯಾ ಎಷ್ಟು ಭಯಂಕರವಾಗಿತ್ತೆಂದರೆ, ಬೆಟ್ಟದ ಜನ ಚಳಿಗಾಲದಲ್ಲಿ ಮಾತ್ರ ಆ ಕಾಡನ್ನು ದಾಟುತ್ತಿದ್ದರು. ಮಳೆಗಾಲದಲ್ಲಿ ಅಲ್ಲಿ ರಾತ್ರಿ ಕಳೆಯುವುದೆಂದರೆ ಸಾವಿಗೆ ಓಲೆ ಬರೆದಂತೆ.

ಆ ಸೊಳ್ಳೆಯ ನಡುವೆಯೇ ಬಾಳಿದವರು ಥಾರೂ ಜನ. ತಲೆಮಾರುಗಳಿಂದ ಅಲ್ಲಿಯೇ ನೆಲೆಸಿದ ಇವರ ರಕ್ತದಲ್ಲಿ ಮಲೇರಿಯಾವನ್ನು ತಡೆಯುವ ಹುಟ್ಟುಗುಣವೊಂದು ಬೇರೂರಿದೆಯೆಂದು ವಿಜ್ಞಾನಿಗಳು 1980ರ ದಶಕದಿಂದೀಚೆಗೆ ತೋರಿಸಿಕೊಟ್ಟಿದ್ದಾರೆ. ಹುಲ್ಲು, ಜೊಂಡುಗಳಿಂದ ಮನೆ ಕಟ್ಟಿ ಮಣ್ಣು ಮೆತ್ತಿ, ಭತ್ತ ಸಾಸಿವೆ ಬೆಳೆದು, ಹೊಳೆಯಲ್ಲಿ ಮೀನು ಹಿಡಿದು ಬದುಕಿದ ಇವರೇ ರಾಣಾಗಳ ಆನೆಗಳನ್ನೂ ಸಾಕಿದವರು. ಅಲ್ಲಿಯ ಗಜಶಾಲೆಗೆ ಹತ್ತಿಸಾರ್ ಎಂದು ಹೆಸರು. ನಮ್ಮಲ್ಲಿ ಮಾವುತ, ಕಾವಾಡಿ ಎಂದು ಇರುವಂತೆ ಅಲ್ಲಿ ಒಂದೊಂದು ಆನೆಗೆ ಫಣಿತ್, ಪಛುವಾ, ಮಾಹುತ್ ಎಂದು ಮೂವರು. ಥಾರೂಗಳಲ್ಲದೆ ನದಿಯನ್ನೇ ನಂಬಿದ ಬೋಟೆ, ಮಾಝಿ, ಮುಸಹರ್ ಜನರೂ ಈ ಕಣಿವೆಯವರು.

1950ರ ದಶಕದಲ್ಲಿ ಈ ಜಗತ್ತು ಬುಡಮೇಲಾಯಿತು. ರಾಣಾ ಆಳ್ವಿಕೆ ಬಿದ್ದಿತು. ಬೆಟ್ಟದ ರೈತರಿಗೆ ಭೂಮಿ ಬೇಕಾಗಿತ್ತು. ಅಮೆರಿಕದ ನೆರವಿನಿಂದ ರಾಪ್ತಿ ಕಣಿವೆಯ ಅಭಿವೃದ್ಧಿ ಯೋಜನೆ ಮೊದಲಾಯಿತು. ಮನೆಮನೆಗೂ ಡಿಡಿಟಿ ಬಂದಿತು. ಸೊಳ್ಳೆ ಹೋಯಿತು, ಸೊಳ್ಳೆಯ ಹಿಂದೆಯೇ ಕಾಡೂ ಹೋಯಿತು. ಬೆಟ್ಟದಿಂದ ಇಳಿದ ಸಾವಿರಾರು ಕುಟುಂಬಗಳು ಕೊಡಲಿ ನೇಗಿಲುಗಳೊಡನೆ ನೆಲೆನಿಂತವು. ಅವರನ್ನು ದೂರುವಂತಿಲ್ಲ, ಹಸಿದವನಿಗೆ ಹಸನಾದ ನೆಲ ಕಂಡರೆ ಅವನು ಇನ್ನೇನು ಮಾಡಿಯಾನು? ಆದರೆ ಖಡ್ಗಮೃಗದ ಪಾಲಿಗೆ ಇದು ಪ್ರಳಯವಾಯಿತು. ಪ್ರಕೃತಿತಜ್ಞ ಇ. ಪಿ. ಗೀ 1959ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಸುಮಾರು 300 ಉಳಿದಿದ್ದುವು. 1968ರ ಹೊತ್ತಿಗೆ ಅವು ನೂರರ ಆಸುಪಾಸಿಗೆ ಇಳಿದುವು.

ಸರ್ಕಾರ ಕೈಕಟ್ಟಿ ಕುಳಿತಿರಲಿಲ್ಲ. 1961ರಲ್ಲಿ ಗೈಂಡಾ ಗಸ್ತಿ ಎಂಬ ಶಸ್ತ್ರಸಜ್ಜಿತ ಕಾವಲುಪಡೆ ಹುಟ್ಟಿತು. 1964ರಲ್ಲಿ ಕಣಿವೆಯಿಂದ 22,000 ಜನರನ್ನು ಎಬ್ಬಿಸಿ ಬೇರೆಡೆಗೆ ಸಾಗಿಸಲಾಯಿತು. ಇವರಲ್ಲಿ 4,000 ಮಂದಿ ಖಡ್ಗಮೃಗಗಳ ಅಭಯಾರಣ್ಯದೊಳಗೆ ಇದ್ದವರು. 1973ರಲ್ಲಿ ಚಿತವನ ನೇಪಾಳದ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. 1975ರಿಂದ ಸೈನ್ಯವೇ ಕಾವಲಿಗೆ ನಿಂತಿತು. 1984ರಲ್ಲಿ ಯುನೆಸ್ಕೋ ಇದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಖಡ್ಗಮೃಗಗಳ ಸಂಖ್ಯೆ ಮೇಲೇರಿತು. ಎಷ್ಟೆಂದರೆ, 1985ರಲ್ಲಿ ಉತ್ತರ ಪ್ರದೇಶದ ದುಧ್ವಾ ಕಾಡಿಗೆ ಚಿತವನದಿಂದ ನಾಲ್ಕು ಹೆಣ್ಣು ಖಡ್ಗಮೃಗಗಳನ್ನು ಕಳುಹಿಸಲು ಸಾಧ್ಯವಾಯಿತು. ಅವಕ್ಕೆ ಬದಲಾಗಿ ಭಾರತ ನೇಪಾಳಕ್ಕೆ ಕೊಟ್ಟದ್ದು 16 ಪಳಗಿದ ಆನೆಗಳನ್ನು. ಹಿಂದೆ ಖಡ್ಗಮೃಗವನ್ನು ಬಂದೂಕಿನ ಮುಂದೆ ಅಟ್ಟುತ್ತಿದ್ದ ಆನೆಯೇ ಈಗ ಅದರ ಕಾವಲಿಗೂ ಗಣತಿಗೂ ವಾಹನವಾಯಿತು. ಇಂದಿಗೂ ಚಿತವನದಲ್ಲಿ ಖಡ್ಗಮೃಗಗಳನ್ನು ಎಣಿಸುವುದು ಸಾಲಾಗಿ ನಡೆಯುವ ಆನೆಗಳ ಬೆನ್ನಮೇಲಿಂದಲೇ.

ಇಷ್ಟನ್ನು ಹೇಳಿ ನಿಲ್ಲಿಸಿದರೆ ಇದೊಂದು ವಿಜಯಗಾಥೆ. ಆದರೆ ಕಾಡಿನ ಗಡಿಯಾಚೆಗೆ ನಿಂತು ನೋಡಿದವರಿಗೆ ಚಿತ್ರ ಬೇರೆಯಾಗಿಯೇ ಕಾಣುತ್ತಿತ್ತು. ಥಾರೂ ಹೆಂಗಸಿಗೆ ಮನೆ ಹೊದಿಸುವ ಹುಲ್ಲು ಉದ್ಯಾನದೊಳಗಿತ್ತು. ಅವಳ ಸೌದೆ, ಸೊಪ್ಪು, ಅವಳ ದನದ ಮೇವು ಎಲ್ಲವೂ ಒಳಗಿದ್ದುವು. ಬೋಟೆಯವನ ಮೀನು ಕಾವಲಿಗೊಳಪಟ್ಟ ನೀರಿನಲ್ಲಿತ್ತು. ಅವರು ಒಳಗೆ ಹೋಗುವಂತಿರಲಿಲ್ಲ; ಆದರೆ ಖಡ್ಗಮೃಗಕ್ಕೆ ಹೊರಗೆ ಬರಲು ಅಡ್ಡಿಯಿರಲಿಲ್ಲ. ಅದು ರಾತ್ರಿ ನದಿ ದಾಟಿ ಬಂದು ಭತ್ತ, ಗೋಧಿ, ಜೋಳ, ಸಾಸಿವೆಗಳನ್ನು ಮೇಯುತ್ತದೆ; ತಿಂದುದಕ್ಕಿಂತ ತುಳಿದದ್ದು ಹೆಚ್ಚು. ಆನೆ ಬಂದರೆ ಗದ್ದೆಗೆ ನಿಲ್ಲದೆ ಕಣಜವಿರುವ ಮನೆಯ ಗೋಡೆಗೂ ಸೊಂಡಿಲು ಹಾಕುತ್ತದೆ. ಮಂಚಿಕೆಯ ಮೇಲೆ ನಿದ್ದೆಗೆಟ್ಟು, ತಗಡು ಬಡಿದು, ಪಂಜು ಬೀಸಿ ಬೆಳೆ ಕಾಯುವ ಕಷ್ಟವೆಂಥದೆಂಬುದನ್ನು ನಮ್ಮ ಕೊಡಗು, ಹಾಸನಗಳ ರೈತರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಈ ಉರಿಯನ್ನು ಸ್ವಲ್ಪವಾದರೂ ತಣಿಸಿದ್ದು ಹುಲ್ಲು. 1976ರಿಂದ ಚಳಿಗಾಲದ ಕೆಲವು ದಿನಗಳ ಮಟ್ಟಿಗೆ, ಅತ್ಯಲ್ಪ ಶುಲ್ಕ ಪಡೆದು, ಹಳ್ಳಿಗರಿಗೆ ಉದ್ಯಾನದೊಳಗೆ ಹುಲ್ಲು ಜೊಂಡುಗಳನ್ನು ಕೊಯ್ಯಲು ಅವಕಾಶ ಕೊಡಲಾಯಿತು. ಆ ದಿನಗಳಲ್ಲಿ ಸಾವಿರಾರು ಜನ ಕುಡುಗೋಲು ಹಿಡಿದು ನದಿ ದಾಟುತ್ತಿದ್ದರು. ಇದರಿಂದ ಕಾಡಿಗೂ ಕೆಡುಕಾಗಲಿಲ್ಲ. ಕೊಯ್ದು ಸುಟ್ಟ ಹುಲ್ಲುಗಾವಲಿನಲ್ಲಿ ಎಳೆಯ ಚಿಗುರು ಬೇಗ ಬರುತ್ತದೆ, ಅದು ಖಡ್ಗಮೃಗಕ್ಕೂ ಜಿಂಕೆಗೂ ಪ್ರಿಯವಾದ ಮೇವು. ಮನುಷ್ಯನ ಬಳಕೆಯೆಲ್ಲವೂ ಕಾಡಿನ ನಾಶವೇ ಎಂಬ ಮಾತು ಸತ್ಯವಲ್ಲವೆಂಬುದಕ್ಕೆ ಇದಕ್ಕಿಂತ ಸರಳವಾದ ನಿದರ್ಶನವನ್ನು ನಾನು ಕಾಣೆ.

ಆದರೆ ಹುಲ್ಲಿನ ಅಪ್ಪಣೆ ಕೃಪೆಯೇ ಹೊರತು ಹಕ್ಕಲ್ಲ. ಹಕ್ಕಿನ ಮಾತು ಬಂದದ್ದು 1990ರ ಜನಾಂದೋಲನ ನೇಪಾಳಕ್ಕೆ ಬಹುಪಕ್ಷದ ಪ್ರಜಾಪ್ರಭುತ್ವವನ್ನು ತಂದುಕೊಟ್ಟ ಮೇಲೆ. 1993ರಲ್ಲಿ ಕಾನೂನಿಗೆ ತಿದ್ದುಪಡಿಯಾಯಿತು. 1996ರಲ್ಲಿ ನಿಯಮಾವಳಿ ಬಂದು ಚಿತವನದ ಸುತ್ತ 750 ಚದರ ಕಿಲೋಮೀಟರು ಪ್ರದೇಶವನ್ನು ಮಧ್ಯವರ್ತಿ ವಲಯವೆಂದು ಸಾರಲಾಯಿತು. ಉದ್ಯಾನದ ಆದಾಯದಲ್ಲಿ ನೂರಕ್ಕೆ 30ರಿಂದ 50ರವರೆಗಿನ ಪಾಲನ್ನು ಈ ವಲಯದ ಜನರ ಸಮಿತಿಗಳ ಮೂಲಕ ಹಳ್ಳಿಗಳಿಗೇ ವಿನಿಯೋಗಿಸಬೇಕೆಂಬುದು ಶಾಸನವಾಯಿತು. ಸೌರಾಹಾ ಹಳ್ಳಿಯ ಬಳಿಯ ಬಾಘಮಾರಾ ಎಂಬಲ್ಲಿ ದನ ಮೇದು ಬೋಳಾಗಿದ್ದ ನೆಲದಲ್ಲಿ ಊರವರು ಗಿಡ ನೆಟ್ಟು ಬೆಳೆಸಿದರು. ಸೌದೆಗೆಂದು ನೆಟ್ಟ ಆ ತೋಪಿಗೆ ಖಡ್ಗಮೃಗಗಳೂ ಬಂದು ಸೇರಿದುವು. ಅವುಗಳನ್ನು ನೋಡಬಂದ ಪ್ರವಾಸಿಗಳ ಶುಲ್ಕ ಊರಿನ ಬೊಕ್ಕಸಕ್ಕೆ ಬಂದಿತು.

ಹೀಗೆ ಪಾಲು ಕೊಟ್ಟ ಮೇಲೆ ಕಾವಲಿನ ಅಗತ್ಯ ಉಳಿಯಲಿಲ್ಲವೇ? ಚರಿತ್ರೆ ಹಾಗೆ ಹೇಳುವುದಿಲ್ಲ. ಅದೇ 1996ರಲ್ಲಿ ಮಾವೋವಾದಿಗಳ ಸಶಸ್ತ್ರ ಬಂಡಾಯ ಹುಟ್ಟಿತು. ಅದು ಬಿರುಸಾದಾಗ ಕಾಡಿನೊಳಗಿನ ಸೇನಾಠಾಣೆಗಳಲ್ಲಿ ಬಹುಪಾಲು ತೆರವಾದುವು. ಕೊಂಬಿನ ಕಳ್ಳವ್ಯಾಪಾರಿಗಳು ಈ ತೆರಪನ್ನು ಬಿಡಲಿಲ್ಲ. ಚಿತವನದಲ್ಲಿ 2000ದಲ್ಲಿ 544 ಇದ್ದ ಖಡ್ಗಮೃಗಗಳು 2005ರಲ್ಲಿ 372ಕ್ಕೆ ಇಳಿದುವು. 2006ರಲ್ಲಿ ಶಾಂತಿ ಮರಳಿತು, ಠಾಣೆಗಳು ಮರಳಿದುವು, ಹಳ್ಳಿಯ ಯುವಕರೇ ಕಳ್ಳಬೇಟೆಯ ವಿರುದ್ಧ ಕಾವಲು ತಂಡಗಳನ್ನು ಕಟ್ಟಿಕೊಂಡರು. 2011ರಲ್ಲಿ ಇಡೀ ವರ್ಷ ನೇಪಾಳದಲ್ಲಿ ಒಂದು ಖಡ್ಗಮೃಗವೂ ಬೇಟೆಗಾರರಿಗೆ ಬಲಿಯಾಗಲಿಲ್ಲ. 2015ರಲ್ಲಿ ಚಿತವನದ ಎಣಿಕೆ 605. 2021ರಲ್ಲಿ 694, ದೇಶದ ಒಟ್ಟು 752. ಬಂದೂಕು ಮಾತ್ರ ಇದ್ದಾಗ ಜನ ದೂರವಾದರು. ಬಂದೂಕು ಹಿಂದೆಗೆದಾಗ ಖಡ್ಗಮೃಗ ಸತ್ತಿತು. ಕಾವಲು, ಪಾಲು ಇವೆರಡೂ ಕೂಡಿ ಬಂದಾಗ ಮಾತ್ರ ಸಂಖ್ಯೆ ಏರಿತು. ಈ ಅಂಕಿಗಳಿಂದ ನಾನು ಕಲಿತ ಪಾಠ ಇಷ್ಟು.

ಆದರೂ ಲೆಕ್ಕ ಇನ್ನೂ ಮುಗಿದಿಲ್ಲ. ಹಣದ ಪಾಲು ಸಮಿತಿಗೆ ಹೋಗುತ್ತದೆ; ಬೆಳೆ ಕಳೆದುಕೊಂಡವನು ಒಬ್ಬನೇ ಒಬ್ಬ ರೈತ. ಸಮಿತಿ ಕಟ್ಟಿಸಿದ ರಸ್ತೆಯೋ ಶಾಲೆಯೋ ಎಲ್ಲರಿಗೂ ಬರುತ್ತದೆ. ತುಳಿದುಹೋದ ಗದ್ದೆ ಅವನೊಬ್ಬನದೇ. ಪ್ರವಾಸಿಗಳು ಇಳಿಯುವ ಸೌರಾಹಾದಲ್ಲಿ ಹೋಟೆಲುಗಳೆದ್ದಿವೆ. ಉದ್ಯಾನದ ದಕ್ಷಿಣಕ್ಕೆ, ಕಾಡಿನ ಆಚೆ ಬದಿಗೆ ಸಿಕ್ಕಿಬಿದ್ದಿರುವ ಮಾಡಿ ಕಣಿವೆಗೆ ಪ್ರವಾಸಿಗಿಂತ ಹೆಚ್ಚಾಗಿ ಬರುವುದು ಆನೆ. ಅಲ್ಲಿ ಧ್ರುಬೆ ಎಂದು ಹೆಸರುಪಡೆದ ಕಾಡಾನೆಯೊಂದು ಹಲವರನ್ನು ಕೊಂದಾಗ, 2012ರ ಕೊನೆಯಲ್ಲಿ ಅದನ್ನು ಗುಂಡಿಟ್ಟು ಕೊಲ್ಲಲು ಅಪ್ಪಣೆಯಾಯಿತು. ಸಾಕಾನೆಗಳ ಮೇಲೇರಿ, ಸೈನಿಕರನ್ನು ಕೂಡಿಕೊಂಡು ಹುಡುಕಿದರೂ ಆನೆ ತಪ್ಪಿಸಿಕೊಂಡು ಕಾಡು ಸೇರಿತು. ಸತ್ತವರ ಮನೆಯವರ ಸಿಟ್ಟನ್ನೂ, ಅಳಿವಿನಂಚಿನ ಪ್ರಾಣಿಯನ್ನು ಕೊಲ್ಲಬಾರದೆಂದವರ ಅಳಲನ್ನೂ ಒಂದೇ ತಕ್ಕಡಿಯಲ್ಲಿಡುವುದು ಸುಲಭವಲ್ಲ. ಆದರೆ ಅಳಲುಪಟ್ಟವರಲ್ಲಿ ಹೆಚ್ಚಿನವರು ರಾತ್ರಿ ಮಾಡಿಯಲ್ಲಿ ಮಲಗುವವರಲ್ಲವೆಂಬುದನ್ನು ನಾವು ಮರೆಯಬಾರದು.

ಇನ್ನೊಂದು ಘಟನೆ ನನ್ನನ್ನು ಇದಕ್ಕಿಂತಲೂ ಹೆಚ್ಚಾಗಿ ಕಾಡಿದೆ. 2020ರ ಜುಲೈ ತಿಂಗಳಿನಲ್ಲಿ, ಸುರಿಯುವ ಮಳೆಗಾಲದಲ್ಲಿ, ಸಾಂಕ್ರಾಮಿಕದ ದಿನಗಳಲ್ಲಿ, ಅದೇ ಮಾಡಿಯ ಕುಸುಮ್ ಖೋಲಾ ಎಂಬಲ್ಲಿ ನೆಲೆಸಿದ್ದ ಬಡ ಚೇಪಾಂಗ್ ಕುಟುಂಬಗಳನ್ನು ಉದ್ಯಾನದ ಸಿಬ್ಬಂದಿ ತೆರವುಗೊಳಿಸಿದರು. ಎರಡು ಗುಡಿಸಲುಗಳಿಗೆ ಬೆಂಕಿ ಹಚ್ಚಲಾಯಿತು. ಉಳಿದ ಎಂಟನ್ನು ಆನೆಗಳಿಂದ ಕೆಡವಿಸಲಾಯಿತು. ದೊರೆಗಾಗಿ ಖಡ್ಗಮೃಗವನ್ನು ಸುತ್ತುವರಿದ ಆನೆಯನ್ನು, ಗಣತಿಗಾಗಿ ಅದರ ಹೆಜ್ಜೆ ಹಿಡಿದು ನಡೆದ ಆನೆಯನ್ನು, ಈಗ ಗುಡಿಸಲಿನ ಗೋಡೆಗೆ ಹಣೆಯೊಡ್ಡಲು ಹೂಡಿದರು. ಆನೆಗೆ ಇದರಲ್ಲಿ ಯಾವ ಪಾಪವೂ ಇಲ್ಲ. ಅದು ಅಂದಿನಂತೆ ಇಂದೂ ಅಂಕುಶ ಹಿಡಿದವನ ಮಾತು ಕೇಳಿತು. ಪ್ರಶ್ನೆ ಇರುವುದು ಅಂಕುಶ ಹಿಡಿದವನ ಕಡೆಗೆ. ಬೇಟೆಗಾಗಿ ಕಾಡನ್ನು ಬೇಲಿ ಹಾಕಿಕೊಂಡ ರಾಣಾನ ಮನೋಧರ್ಮ ಉದ್ಯಾನದ ಕಚೇರಿಯಿಂದ ಪೂರ್ತಿಯಾಗಿ ಹೊರಟುಹೋಗಿದೆಯೇ?

ಕಾಡಿನ ಮುಂದೆ ಹೊಸ ಸಂಕಟಗಳೂ ಇವೆ. ಮಿಕಾನಿಯಾ ಎಂಬ ಪರದೇಶದ ಬಳ್ಳಿ ಖಡ್ಗಮೃಗದ ಮೇವಿನ ನೆಲವನ್ನು ಹೊದ್ದು ಉಸಿರುಗಟ್ಟಿಸುತ್ತಿದೆ. 2017ರ ಮಹಾಪೂರದಲ್ಲಿ ಕೊಚ್ಚಿಹೋದ ಕೆಲವು ಖಡ್ಗಮೃಗಗಳು ಗಡಿದಾಟಿ ಬಿಹಾರದಲ್ಲಿ ತೇಲಿ ನಿಂತವು. ಅವನ್ನು ಹಿಡಿದು ಮರಳಿ ತರಬೇಕಾಯಿತು. ಇಂಥ ಕೆಲಸಗಳಿಗೆ ಸೈನಿಕನ ಬಂದೂಕು ಸಾಲದು. ಬಳ್ಳಿ ಕೀಳುವ, ಹುಲ್ಲು ಕೊಯ್ಯುವ, ನೆರೆಯಲ್ಲಿ ಸಿಕ್ಕ ಪ್ರಾಣಿಯ ಸುದ್ದಿ ಮುಟ್ಟಿಸುವ ಸಾವಿರ ಕೈಗಳು ಬೇಕು. ಆ ಕೈಗಳು ಇರುವುದು ಸುತ್ತಣ ಹಳ್ಳಿಗಳಲ್ಲಿಯೇ.

ಆದುದರಿಂದ ನೆರೆಯ ಹಳ್ಳಿಗೆ ನೀಡುವ ನೆರವನ್ನು ದಾನವೆಂದು ಕರೆಯುವುದು ನನಗೆ ಸಮ್ಮತವಲ್ಲ. ಅದು ಸಾಲದ ತೀರುವಳಿ. ಇಡೀ ಜಗತ್ತು ನೋಡಿ ಹಿಗ್ಗುವ ಖಡ್ಗಮೃಗವನ್ನು ದಿನವೂ ತಮ್ಮ ಗದ್ದೆಯ ಭತ್ತದಿಂದ ಸಾಕುತ್ತಿರುವವರು ಅವರು. ಬೆಳೆಹಾನಿಯ ಪರಿಹಾರ ಕಟಾವಿಗೆ ಮುಂಚೆ ಅವರ ಕೈಸೇರಬೇಕು. ಕಾಡಿನ ಆಡಳಿತದ ಮಾತುಕತೆಯಲ್ಲಿ ನೆಲವಿಲ್ಲದ ಮೀನುಗಾರನಿಗೂ ಕೂರಲು ಒಂದು ಚಾಪೆ ಇರಬೇಕು. ನೂರಕ್ಕಿಳಿದಿದ್ದ ಮೃಗಗಳನ್ನು ಏಳುನೂರರ ಅಂಚಿಗೆ ಏರಿಸಿದ ನಾಡಿಗೆ ಇದು ಮೀರಿದ ಕೆಲಸವೇನಲ್ಲ.