ಕೇಳದೆ ಆದ ತೀರ್ಪು

ಇಬ್ಬರ ಮಾತನ್ನೂ ಕೇಳಿ ನ್ಯಾಯ ನುಡಿಯಬೇಕೆಂಬುದು ನಮ್ಮ ಹಿರಿಯರ ನಂಬಿಕೆ. ಆಂಗ್ಲರ ಕೋರ್ಟುಗಳು ಬಂದ ಮೇಲೆ ಸೊಲ್ಲಾಪುರ ಸೀಮೆಯ ರೈತನು ಹೊಸದೊಂದು ಮಾತನ್ನು ಕಲಿಯಬೇಕಾಯಿತು: ಏಕತರ್ಫೀ ಹುಕುಮನಾಮೆ. ಗೊತ್ತಾದ ದಿನ ಪ್ರತಿವಾದಿಯು ಹಾಜರಾಗದಿದ್ದರೆ, ವಾದಿಯೊಬ್ಬನ ಮಾತನ್ನೇ ಕೇಳಿ ಕೊಡುವ ತೀರ್ಪದು.

ಬಾರದವನೆಲ್ಲ ತಪ್ಪಿತಸ್ಥನೇ? ರೈತನಿಗೆ ಓದು ಬಾರದು. ಮನೆಯ ಮಾತು ಕನ್ನಡ, ಕಚೇರಿಯ ಮಾತು ಮರಾಠಿ. ೧೮೫೯ರ ವಾಯಿದೆ ಕಾನೂನಿನಿಂದ ನೋಂದಣಿಯಾಗದ ಸಾಲಪತ್ರದ ದಾವೆಗೆ ಮೂರೇ ವರ್ಷಗಳ ಅವಧಿ ಉಳಿಯಿತು. ಆದುದರಿಂದ ಸಾಹುಕಾರರು ಬಡ್ಡಿಯನ್ನು ಅಸಲಿಗೆ ಕೂಡಿಸಿ ಮತ್ತೆ ಮತ್ತೆ ಹೊಸ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರು. ದಾವೆಯಾದಾಗ ಲೆಕ್ಕ ಕೇಳುವವರಿಲ್ಲ. ಹೊಲವು ಹರಾಜಿಗೆ ಬಂದಾಗಲೇ ಎಷ್ಟೋ ಮನೆಗಳಿಗೆ ತೀರ್ಪಿನ ಸುದ್ದಿ ತಿಳಿಯುತ್ತಿತ್ತು.

೧೮೭೫ರ ಮೇ ತಿಂಗಳಲ್ಲಿ ನೆರೆಯ ಪುಣೆ ಜಿಲ್ಲೆಯ ಸುಪೆಯಲ್ಲಿ ದಂಗೆಯೆದ್ದಿತು. ರೈತರು ಸಾಲಪತ್ರಗಳನ್ನು ಸುಟ್ಟರು. ಸರಕಾರವು ವಿಚಾರಣಾ ಆಯೋಗವನ್ನು ನೇಮಿಸಿತು. ೧೮೭೯ರಲ್ಲಿ ದಖ್ಖನ ರೈತರ ಪರಿಹಾರ ಕಾಯದೆಯನ್ನು ಮಾಡಿತು. ಪುಣೆ, ಸಾತಾರಾ, ಅಹಮದನಗರಗಳೊಡನೆ ನಮ್ಮ ಸೊಲ್ಲಾಪುರ ಜಿಲ್ಲೆಗೂ ಅದು ಅನ್ವಯಿಸಿತು. ಪ್ರತಿವಾದಿಯನ್ನು ನ್ಯಾಯಾಧೀಶನು ಸಾಮಾನ್ಯವಾಗಿ ತಾನೇ ಕರೆದು ಕೇಳಬೇಕು. ಸಾಲದ ಹುಟ್ಟನ್ನು ಮೊದಲಿನಿಂದ ವಿಚಾರಿಸಬೇಕು. ಸಾಲಕ್ಕಾಗಿಯೇ ಒತ್ತೆಯಿಡದ ರೈತನ ಭೂಮಿಯನ್ನು ಹುಕುಮನಾಮೆಯ ಮೇಲೆ ಹರಾಜು ಮಾಡಬಾರದು. ಕೇಳದೆ ನುಡಿದ ನ್ಯಾಯವು ಪೂರ್ಣನ್ಯಾಯವಲ್ಲವೆಂಬುದನ್ನು ಆಳುವವರು ಹೀಗೆ ಒಪ್ಪಿಕೊಂಡರು. ಅಕ್ಕಲಕೋಟೆಯು ಆಗ ಬೇರೆ ಸಂಸ್ಥಾನ. ೧೯೪೮ರ ವಿಲೀನದಿಂದ ಅದೂ ಈ ಜಿಲ್ಲೆಯೊಳಗೆ ಸೇರಿತು.

ಆ ಕಾಯದೆ ಇಂದಿಲ್ಲ. ಆದರೆ ೧೯೦೮ರ ದಿವಾಣಿ ವ್ಯವಹಾರ ಸಂಹಿತೆಯ ೯ನೆಯ ಆದೇಶದ ೧೩ನೆಯ ನಿಯಮವು ಇಂದಿಗೂ ಬಾಗಿಲು ತೆರೆದಿಟ್ಟಿದೆ. ಸಮನ್ಸು ಸರಿಯಾಗಿ ಮುಟ್ಟಲಿಲ್ಲವೆಂದಾಗಲಿ, ತಕ್ಕ ಕಾರಣದಿಂದ ಹಾಜರಾಗಲಾಗಲಿಲ್ಲವೆಂದಾಗಲಿ ಮನಗಾಣಿಸಿದರೆ, ತೀರ್ಪು ಕೊಟ್ಟ ಕೋರ್ಟೇ ಅದನ್ನು ರದ್ದುಮಾಡಿ ದಾವೆಯನ್ನು ಮತ್ತೆ ವಿಚಾರಣೆಗೆ ತೆಗೆದುಕೊಳ್ಳುತ್ತದೆ. ಖರ್ಚು ಕೊಡಿರೆಂದು ಷರತ್ತನ್ನೂ ಹಾಕಬಹುದು. ಅರ್ಜಿಗೆ ಅವಧಿ ತೀರ್ಪಿನ ದಿನದಿಂದ ೩೦ ದಿನ. ಸಮನ್ಸು ಸರಿಯಾಗಿ ಮುಟ್ಟದಿದ್ದಲ್ಲಿ, ತೀರ್ಪು ತಿಳಿದ ದಿನದಿಂದ ೩೦ ದಿನ. ತಡವಾದರೆ ದಿನದಿನದ ಕಾರಣವನ್ನು ವಿವರಿಸಿ ಕ್ಷಮೆ ಬೇಡಬೇಕಾಗುತ್ತದೆ. ಸಮನ್ಸಿನಲ್ಲಿ ಸಣ್ಣ ಲೋಪವಿದ್ದರೂ, ವಿಚಾರಣೆಯ ದಿನವನ್ನು ಬಲ್ಲವನಿಗೆ ಆ ಲೋಪವೊಂದೇ ಆಧಾರವಾಗದು.

ಗಡಿಯ ಮನೆಗಳಿಗೆ ಇದರಲ್ಲೊಂದು ಪಾಠವಿದೆ. ಕೋರ್ಟಿನ ಕಾಗದವು ಯಾವ ಭಾಷೆಯಲ್ಲಿ ಬಂದರೂ ತೊಲೆಯ ಸಂದಿಗೆ ಸಿಕ್ಕಿಸಿಡಬಾರದು. ಅಂದೇ ಓದಿಸಬೇಕು, ತಾರೀಖನ್ನು ಗೋಡೆಯ ಮೇಲೆ ಬರೆದಿಡಬೇಕು, ವಕೀಲರನ್ನು ಕಾಣಬೇಕು. ಅಜ್ಜನ ಕಾಲದಲ್ಲಿ ಹೊಲವನ್ನು ಕಳೆದುದು ಸಾಲವೊಂದೇ ಅಲ್ಲ, ಮೌನವೂ ಹೌದು. ಬಾಗಿಲು ತೆರೆದಿದೆ, ಹೊತ್ತಿಗೆ ಸರಿಯಾಗಿ ತಟ್ಟುವವರು ನಾವಾಗಬೇಕು.